ಜೇನಿಗೆ ಕರೆದರೆ ನೀರು ಬಂತು

ನನ್ನ ಅಣ್ಣ ಶ್ರೀರಾಮ ಕಡಬದ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಮೊದಲು ಬಂದ ಬಸ್ಸಿಗೆ ಹತ್ತುತ್ತಾನೆ. ಅದು ಎಲ್ಲಿಗೆ ಹೋಗುತ್ತದೆ ಎನ್ನುವುದು ಅವನ ಪ್ರಕಾರ ಕಂಡಕ್ಟರ್ ಬಂದ ಮೇಲೆ ತೀರ್ಮಾನವಾಗಬೇಕಾದ ವಿಷಯ. ಪುತ್ತೂರಿನಿಂದ ಅಮ್ಮನ ಕನ್ನಡಕ ತರಲು ಹೊರಟವನು ಹೀಗೆಯೇ ಒಮ್ಮೆ ಸುಬ್ರಹ್ಮಣ್ಯಕ್ಕೆ ತಲುಪಿ, ಹೇಗೂ ಬಂದಾಯಿತಲ್ಲ ಎಂದು ದೇವರಿಗೆ ಕೈಮುಗಿದು, ಪ್ರಸಾದ ಹಿಡಿದುಕೊಂಡು ವಾಪಸಾಗಿದ್ದ. ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು, ಕನ್ನಡಕವಿಲ್ಲದ ಕಣ್ಣಿಗೆ. ಹೋಟೆಲಿಗೆ ಹೋದರೂ ಇದೇ ಕಥೆ. ಸಪ್ಲೈಯರ್ "ಬನ್ಸ್..." ಎಂದು ಶುರುಮಾಡಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅಣ್ಣ "ಹಾಂ, ಅದೇ" ಎಂದಿರುತ್ತಾನೆ. ನಮ್ಮ ಊರಿನ ಹೋಟೆಲುಗಳಲ್ಲಿ ಬನ್ಸಿನ ಆಚೆಗೆ ಏನೇನುಂಟು ಎಂದು ಅವನಿಗೆ ಇಂದಿಗೂ ಗೊತ್ತಿಲ್ಲ.

ನಾನು ಇದಕ್ಕೆ ಸರಿಯಾಗಿ ಉಲ್ಟಾ. ಕಾರಣ ಅಜ್ಜಿ. ಅಜ್ಜಿಯ ಕಥೆಗಳಲ್ಲಿ ಹೊತ್ತು ಕಂತಿದ ಮೇಲೆ ಹೊರಗಿನಿಂದ ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಕರೆದ ಕೂಡಲೇ ಓಗೊಟ್ಟವರು ಆಮೇಲೆ ಕಥೆಯಲ್ಲಿ ಇರುವುದಿಲ್ಲ. "ಪ್ರೇತಗಳು ಒಂದು ಸಲ ಕರೆಯುದು, ಹೆಚ್ಚೆಂದರೆ ಎರಡು ಸಲ. ಮೂರನೇ ಸಲ ಕರೆಯುವಷ್ಟು ತಾಳ್ಮೆ ಅವಕ್ಕೆ ಇಲ್ಲ. ಮೂರು ಸಲ ಕರೆದರೆ ಮನುಷ್ಯರೇ" ಎಂಬುದು ಅಜ್ಜಿಯ ಕಾನೂನು. ನಾನದನ್ನು ಹಗಲಿಗೂ ಅನ್ವಯಿಸಿಕೊಂಡೆ. ಶಾಲೆಯಲ್ಲಿ ಹಾಜರಿ ಕರೆಯುವಾಗ ಮೂರನೇ ಕರೆಗೆ ಕಾಯುತ್ತ, ಟೀಚರ ಎದುರಿನ ಬೆಂಚಿನಲ್ಲಿ ಕೂತೇ ಗೈರುಹಾಜರಾದೆ. ಅಣ್ಣನಾದರೋ ತನ್ನ ಹೆಸರಿಗೆ ಮಾತ್ರವಲ್ಲ, ಶ್ರೀನಿಧಿ, ಶ್ರೀಧರರ ಹೆಸರಿಗೂ "ಹಾಜರ್" ಎಂದು ಕೂಗಿ, ಜ್ವರ ಬಂದು ಮಲಗಿದವರನ್ನೂ ಶಾಲೆಗೆ ತರುತ್ತಿದ್ದ.

ಇಂಥ ಅಣ್ಣ ಕಂಪ್ಯೂಟರ್ ಕಲಿತು, ಮನೆಯ ಜಗಲಿಗೆ ತಾಗಿದ ಕೋಣೆಯಲ್ಲಿ 'ಶ್ರೀರಾಮ ವೆಬ್ ಸೊಲ್ಯೂಷನ್ಸ್' ಎಂದು ಬೋರ್ಡು ಹಾಕಿದ. ಬಂದವರಲ್ಲಿ ಹೆಚ್ಚಿನವರು ಆಧಾರ್ ಕಾರ್ಡಿನ ಜೆರಾಕ್ಸ್ ಕೇಳಿಕೊಂಡು ಬಂದವರು. ಆದರೂ ಅವನ ಗಾಂಭೀರ್ಯಕ್ಕೆ ಕುಂದಿರಲಿಲ್ಲ.

ಹೀಗಿರುವಾಗ ಪುತ್ತೂರಿನಲ್ಲಿ ಒಂದು ಮದುವೆಯ ಊಟದಲ್ಲಿ ಅವನು ಹೋಳಿಗೆ ಬಡಿಸಲು ನಿಂತ. ಪಂಕ್ತಿಯಲ್ಲಿ ಮೊದಲು ಕೂತಿದ್ದವಳು ಭವಿತಾ. ಮೊದಲು ಕಂಡದ್ದೇ ಸರಿಯಾದದ್ದೂ ಆಗಿರುವುದು ಅವನ ಜೀವಮಾನದಲ್ಲಿ ಅದೊಂದೇ ಸಲ ಎಂದು ನನ್ನ ಅಭಿಪ್ರಾಯ. ಅವಳಿಗೆ ಅವನು ಎಷ್ಟು ಹೋಳಿಗೆ ಹಾಕಿದನೆಂದರೆ ಪಂಕ್ತಿಯ ಕೊನೆಯವರಿಗೆ ತುಪ್ಪ ಮಾತ್ರ ಬಂತು. ಆಮೇಲೆ ಫೋನಿನಲ್ಲಿ ಮಾತುಕತೆ ನಡೆಯಿತು, ಸುಳ್ಯದ ಅತ್ತೆ ಮಧ್ಯೆ ನಿಂತು ಸಂಬಂಧದ ಪ್ರಸ್ತಾಪವನ್ನೂ ಮಾಡಿದರು.

ಭವಿತಾಳನ್ನು ಸಾಕಿ ಓದಿಸಿದವರು ಪಂಜದ ಅವಳ ಸೋದರಮಾವ ಕೃಷ್ಣಮೋಹನ. ರಬ್ಬರು ತೋಟದಲ್ಲಿ ಜೇನುಪೆಟ್ಟಿಗೆ ಇಟ್ಟವರು. ನಮ್ಮಲ್ಲಿ ಅವರನ್ನು ಯಾರೂ ಕಂಡದ್ದಿಲ್ಲ. ಅಣ್ಣನೊಡನೆ ಒಮ್ಮೆ ಫೋನಿನಲ್ಲಿ ಮಾತಾಡಿದ್ದರು ಅಷ್ಟೆ. ಆ ಒಂದು ಮಾತಿನಲ್ಲೇ ಷರತ್ತು ಹಾಕಿದ್ದರು: "ನಾವು ಜೇನು ಸಾಕುವವರದ್ದು ಒಂದು ಕೂಟ ಉಂಟು. ಅದಕ್ಕೆ ವೆಬ್‌ಸೈಟು ಮಾಡಿ. ಯಾರ ಮನೆಯಲ್ಲಿ ಯಾವ ಜೇನು ಉಂಟು ಅಂತ ಒತ್ತಿದರೆ ಕಾಣ್ಬೇಕು. ಆಗುವಾಗ ಕರೆಯಿರಿ, ಮನೆಗೆ ಬಂದು ನೋಡ್ತೇನೆ. ಓಡಿದರೆ ಸಂಬಂಧ, ಓಡದಿದ್ದರೆ ನಮಸ್ಕಾರ."

ಸೈಟು ತಯಾರಾಯಿತು. ಹಳದಿ ಬಣ್ಣ, ಮೂಲೆಯಲ್ಲಿ ಹಾರುವ ಜೇನುನೊಣ, ಊರು ತೋರಿಸಲು ನಕ್ಷೆಯ ಚಂದದ ಪುಟ್ಟ ಚಿತ್ರ. ಅಣ್ಣ ಗುಂಡಿ ಒತ್ತಿದ. ಹಳದಿ ಹೋಯಿತು, ನೊಣ ಹೋಯಿತು, ಬೆಳ್ಳಗಿನ ಪರದೆಯ ಮೇಲೆ ಕೆಂಪು ಅಕ್ಷರ ಬಂತು: 'ಟೈಪ್ ಎರರ್: ಮ್ಯಾಪ್ ಈಸ್ ನಾಟ್ ಎ ಕನ್‌ಸ್ಟ್ರಕ್ಟರ್.'

"ಅಂದರೆ ಎಂತ?" ಎಂದು ನಾನು ಕೇಳಿದೆ. ನನಗೆ ಇಂಥದ್ದರಲ್ಲೆಲ್ಲ ಭಾರೀ ಕುತೂಹಲ.

"ಮ್ಯಾಪ್ ಅಂದರೆ ಈ ಭಾಷೆಯ ಒಳಗೇ ಇರುವ ಒಂದು ಡಬ್ಬ. ಮನೆ ಹೆಸರು ಕೊಟ್ಟರೆ ಜೇನಿನ ಹೆಸರು ತೆಗೆದುಕೊಡುವ ಡಬ್ಬ. ಹೊಸತೊಂದು ಮಾಡಿಕೊಡು ಅಂತ ಕೇಳಿದೆ. ಇದು ಅಂಥದ್ದನ್ನೆಲ್ಲ ಮಾಡುವ ಜಾತಿಯದ್ದೇ ಅಲ್ಲ ಅಂತ ಹೇಳ್ತಾ ಉಂಟು."

"ನಿನ್ನೆವರೆಗೆ ಮಾಡ್ತಿತ್ತಾ?"

"ನಿನ್ನೆವರೆಗೆ ಮಾಡ್ತಿತ್ತು."

ನನಗೆ ಮೈ ಝುಂ ಎಂದಿತು. ಅಜ್ಜಿಯ ಕಥೆಗಳಲ್ಲಿ ರಾತ್ರಿ ಪ್ರೇತ ಹೊಕ್ಕು ಬೆಳಗ್ಗೆ ಎದ್ದ ಗಂಡ ಅದೇ ಮುಖ, ಅದೇ ಹೆಸರು ಇಟ್ಟುಕೊಂಡೂ ಕೊಡಪಾನ ಎತ್ತಲಿಕ್ಕೆ ಬರದೆ ನಿಲ್ಲುತ್ತಾನಲ್ಲ, ಹಾಗೆ!

ಅಣ್ಣ ಪರಿಶೋಧನೆ ಆರಂಭಿಸಿದ. ಎರರ್ ಯಾವ ಸಾಲನ್ನು ತೋರಿಸಿತೋ ಆ ಸಾಲನ್ನು ನೋಡಿದ. ಸರಿಯಿತ್ತು. ಒಂದು ಲೋಟ ಕಾಫಿ ಕುಡಿದು ಪುನಃ ನೋಡಿದ. ಆಗಲೂ ಸರಿಯಿತ್ತು. ಎಐಯ ಹತ್ತಿರ ಕೇಳಿದ. ಆದರೆ ಆ ಒಂದು ಸಾಲನ್ನು ಮಾತ್ರ ತೋರಿಸಿ ಕೇಳಿದ್ದರಿಂದ ಅದು "ನಿಮ್ಮ ಈ ಸಾಲು ಬಹಳ ಚೆನ್ನಾಗಿದೆ" ಎಂದು ವಿನಯದಿಂದ ಹೊಗಳಿತು. ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡೋಣವೆಂದರೆ ಕೋಣೆಯಲ್ಲಿ ಅಷ್ಟು ನೆಟ್‌ವರ್ಕ್ ಇಲ್ಲ. ಲ್ಯಾಪ್‌ಟಾಪನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಬಾವಿಕಟ್ಟೆಯ ಮೇಲೆ ಕೂತ. ಅಲ್ಲಿ ಕೂತದ್ದೇ ತಪ್ಪಾಯಿತು, ರಸ್ತೆಗೆ ಕಾಣುತ್ತದೆ.

ಮೊದಲು ಬಂದವರು ಕಿಟ್ಟಣ್ಣ. ಪಂಚಾಯತಿನ ಮಾಜಿ ಮೆಂಬರು. ಮೆಂಬರ್ ಸ್ಥಾನ ಹೋಗಿ ಎಷ್ಟೋ ಕಾಲವಾದರೂ ಅಭಿಪ್ರಾಯಗಳು ಇನ್ನೂ ಅಧಿಕಾರದಲ್ಲಿದ್ದವು.

"ಎಂತ ಮಾರಾಯ, ಬಾವಿಗೆ ಹಾರುವ ಅಂದಾಜಾ?"

ಅಣ್ಣ ವಿವರಿಸಿದ. ಕಿಟ್ಟಣ್ಣ ಪರದೆಯನ್ನು ಜಾಗ ಜಗಳದ ನಕ್ಷೆ ನೋಡುವ ಹಾಗೆ ನೋಡಿ, "ಇದು ಮೇಲಿನಿಂದಲೇ ಆದದ್ದು" ಎಂದರು. ಆ ಮಾತು ಸತ್ಯವಾಗಿತ್ತೆಂದು ಆಮೇಲೆ ಗೊತ್ತಾಯಿತು. ಆದರೆ ಅವರು ಹೇಳಿದ್ದು ಸರಕಾರದ ಬಗ್ಗೆ.

ಆಚೆಮನೆಯ ನಫೀಸಮ್ಮ ಕಂಪೌಂಡಿನ ಮೇಲೆ ಗಲ್ಲ ಊರಿ ನಿಂತಿದ್ದರು. "ಮೋನೇ, ಅದು ಕೆಂಪು ಅಕ್ಷರದಲ್ಲಿ ಎಂತ ಬೈಯುದು ನಿನ್ನನ್ನು? ಬೈದರೆ ಸುಮ್ಮನೆ ಕೂರ್ಬೇಡ. ಮುಚ್ಚಿ ಇಡು. ಹಸಿವಾದರೆ ಅದೇ ಸರಿ ಆಗ್ತದೆ. ನಮ್ಮ ಮನೆಯವರು ಹಾಗೆಯೇ ಸರಿ ಆಗುದು."

ಅಣ್ಣ ಅದನ್ನೂ ಮಾಡಿದ. ಲ್ಯಾಪ್‌ಟಾಪಿನ ಬ್ಯಾಟರಿ ಖಾಲಿಯಾಗುವವರೆಗೆ ಉಪವಾಸ ಹಾಕಿ, ಮತ್ತೆ ತೆರೆದ. ಕೆಂಪು ಅಕ್ಷರ ಹೊಟ್ಟೆ ತುಂಬ ಉಂಡವರ ಹಾಗೆ ಅಲ್ಲೇ ಕೂತಿತ್ತು.

ಈ ನಡುವೆ ಅವನು ಒಂದು ಪರಾಕ್ರಮ ಮಾಡಿಯಾಗಿತ್ತು. ಸೈಟು ಸರಿಯಾಗಿಯೇ ಆಗುತ್ತದೆಂಬ ಧೈರ್ಯದಲ್ಲಿ, ಫೋನು ತೆರೆದು, ಕೃಷ್ಣಮೋಹನ ಎಂಬ ಹೆಸರು ಹುಡುಕಿ ಮೆಸೇಜು ಕಳಿಸಿದ್ದ: 'ಆದಿತ್ಯವಾರ ಬೆಳಿಗ್ಗೆ ಒಮ್ಮೆ ಬಂದು ನೋಡಿ ಹೋಗಬೇಕು. ಮನೆಯವರೆಲ್ಲ ಕಾಯುತ್ತೇವೆ.' ಕೆಳಗೆ ಮನೆಯ ದಾರಿ. ಉತ್ತರವೂ ಬಂದಿತ್ತು: 'ಬರುತ್ತೇನೆ. ನೋಡುವ ಮೊದಲು ಏನೂ ತಿನ್ನುವುದಿಲ್ಲ.'

"ಗಟ್ಟಿ ಮನುಷ್ಯ. ತಿಂದರೆ ಋಣಕ್ಕೆ ಬೀಳ್ತಾರಲ್ವಾ, ಅದಕ್ಕೆ" ಎಂದು ಕಿಟ್ಟಣ್ಣ ಭಾಷ್ಯ ಬರೆದರು.

ಆದಿತ್ಯವಾರ ಬಂತು. ಸೈಟು ಬರಲಿಲ್ಲ. ರಿಕ್ಷಾ ಬಂತು. ಅದರಿಂದ ತೆಳ್ಳಗಿನ ಒಬ್ಬರು ಬಿಳಿ ಪಂಚೆ ಎತ್ತಿ ಕಟ್ಟುತ್ತ ಇಳಿದರು. ಹೆಗಲಿಗೆ ಬಟ್ಟೆಚೀಲ. ಗೇಟಿನಲ್ಲಿ ನಿಂತು, "ಕೃಷ್ಣಮೋಹನ" ಎಂದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡುವ ಮೊದಲು ಒಂದು ಪ್ರಶ್ನೆ ಉಂಟು: ಎಲ್ಲಿಯವರು? ಹೆಸರು ಹೇಳಿದರೆ ಸಾಲದು. ಯಾವ ಊರು, ಯಾವ ಮನೆ, ಆ ಮನೆಯಲ್ಲಿ ರಸ್ತೆ ಬದಿಯವರಾ ಗುಡ್ಡೆ ಬದಿಯವರಾ ಎಂದೆಲ್ಲ ಇತ್ಯರ್ಥವಾದ ಮೇಲೆಯೇ ಮನುಷ್ಯ ಪೂರ್ತಿಯಾಗುವುದು. ಗ್ಯಾಸ್ ಸಿಲಿಂಡರ್ ತಂದವನನ್ನೂ ನಮ್ಮಮ್ಮ ಬಿಟ್ಟವಳಲ್ಲ. ಆದರೆ ಆ ದಿನ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಹುಡುಗಿಯ ಮಾವನನ್ನು ಎಲ್ಲಿಯವರು ಎಂದು ಕೇಳುವುದುಂಟೇ?

"ಬನ್ನಿ, ಬನ್ನಿ. ಹುಡುಗ ಒಳಗಿದ್ದಾನೆ" ಎಂದಳು ಅಮ್ಮ.

"ಹುಡುಗ ಇರಲಿ. ಮೊದಲು ಜಾಗ ನೋಡುವ."

ಅವರು ಚಪ್ಪಲಿ ಬಿಟ್ಟರು. ಚೀಲದಿಂದ ಸುಲಿದ ತೆಂಗಿನಕಾಯಿಯೊಂದನ್ನು ತೆಗೆದು, ಅಂಗೈಯ ಮೇಲೆ ಅಡ್ಡ ಮಲಗಿಸಿ, ಕಣ್ಣು ಅರ್ಧ ಮುಚ್ಚಿ, ಅಂಗಳದಲ್ಲಿ ನಿಧಾನವಾಗಿ ನಡೆಯತೊಡಗಿದರು.

ಅಮ್ಮ ಬೆಪ್ಪಾಗಿ, ಬೆಳಗ್ಗೆಯೇ ಬಂದು ಕೂತಿದ್ದ ಕಿಟ್ಟಣ್ಣನ ಮುಖ ನೋಡಿದಳು. ಕಿಟ್ಟಣ್ಣನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಇರಲಿಲ್ಲ.

"ಪಂಜದವರದ್ದು ಹಾಗೆಯೇ ಶಂಕರಿಯಕ್ಕ" ಎಂದು ಪಿಸುಗುಟ್ಟಿದರು. "ಹೆಣ್ಣು ಕೊಡುವ ಮನೆಗೆ ತೆಂಗಿನಕಾಯಿ ಹಿಡಿದು ಒಂದು ಸುತ್ತು ಬರುದು. ನಾನು ಮೆಂಬರ್ ಆಗಿದ್ದಾಗ ಎಷ್ಟು ನೋಡಿಲ್ಲ!"

"ಮೊದಲೇ ಹೇಳುದಲ್ವಾ ಮಾರಾಯ್ರೆ! ಹಿತ್ತಿಲು ಗುಡಿಸದೆ ಬಿಟ್ಟಿದ್ದೇನೆ."

ಮೆರವಣಿಗೆ ಹೊರಟಿತು. ಮುಂದೆ ತೆಂಗಿನಕಾಯಿ, ಹಿಂದೆ ಕಿಟ್ಟಣ್ಣ, ಅವರ ಹಿಂದೆ ತೆರೆದ ಲ್ಯಾಪ್‌ಟಾಪ್ ಹೊತ್ತ ಅಣ್ಣ, ಕೊನೆಗೆ ನಾನು. ಕಂಪೌಂಡಿನ ಆಚೆ ನಫೀಸಮ್ಮನ ತಲೆ ನಮಗೆ ಸಮಾನಾಂತರವಾಗಿ ಚಲಿಸುತ್ತಿತ್ತು. ಅಮ್ಮ ಅಡ್ಡದಾರಿಯಲ್ಲಿ ಓಡಿ, ಹಿತ್ತಿಲಿನ ಗೊಬ್ಬರದ ಗುಂಡಿಯ ಎದುರು ಸೆರಗು ಅಗಲಿಸಿ ನಿಂತುಬಿಟ್ಟಳು.

"ಸ್ವಲ್ಪ ಸರಿಯಿರಿ ಅಕ್ಕ. ಅಲ್ಲಿಯೇ ನೋಡ್ಬೇಕು."

"ಅಲ್ಲಿ ಎಂತದ್ದೂ ಇಲ್ಲ."

"ಇಲ್ಲ ಅಂತ ನೀವು ಹೇಳುದಾ? ನಾನು ಹೇಳ್ಬೇಕಾದ್ದು."

ಅಮ್ಮ ಸರಿದಳು. ಅವರು ಗುಂಡಿಯ ಸುತ್ತ ಬಂದು, ಮೂಸಿ, ಮುಖ ಸಿಂಡರಿಸಿ ಮುಂದೆ ಹೋದರು. ಅಮ್ಮನ ಕಣ್ಣಲ್ಲಿ ಸಂಬಂಧವೊಂದು ಆ ಗುಂಡಿಗೇ ಬಿದ್ದ ಹಾಗೆ ಕಂಡಿತು. ಆದರೆ ಅಣ್ಣನ ಕೋಣೆಯ ಕಿಟಕಿಯ ಕೆಳಗೆ ಬಂದಾಗ, ಮಲಗಿದ್ದ ತೆಂಗಿನಕಾಯಿ ಅಂಗೈಯ ಮೇಲೆ ಮೆಲ್ಲಗೆ ಎದ್ದು ನೆಟ್ಟಗೆ ನಿಂತಿತು! ನಾನು ಕಣ್ಣಾರೆ ನೋಡಿದೆ. ಹೇಗೆ ಎದ್ದಿತು ಎಂದು ಇವತ್ತಿಗೂ ಯೋಚಿಸುತ್ತಿದ್ದೇನೆ.

"ಇಲ್ಲಿ ಉಂಟು" ಎಂದರು. "ಭಾರೀ ಒಳ್ಳೆದುಂಟು."

ಅಮ್ಮ ಸೆರಗಿನಿಂದ ಕಣ್ಣೊರಸಿಕೊಂಡಳು. ಕಿಟ್ಟಣ್ಣ ಅವರ ಕೈ ಹಿಡಿದು ಕುಲುಕಿದರು. "ಹಾಗಾದರೆ ಯಾವಾಗ ಇಟ್ಟುಕೊಳ್ಳುವ?"

"ನಿಮ್ಮ ತಯಾರಿ ಉಂಟಾದರೆ ನಾಳೆಯೇ. ಲಾರಿ ಬರ್ಲಿಕ್ಕೆ ದಾರಿ ಉಂಟಲ್ಲ?"

"ನಾಳೆಯಾ!" ಅಮ್ಮ ಗೋಡೆಗೆ ಒರಗಿದಳು. "ಲಾರಿಯಲ್ಲಿ ಬರುವಷ್ಟು ಜನವಾ!"

ಆಗ ಅಣ್ಣ ಮುಂದೆ ಬಂದ. ಮುಖ ಕೆಂಪಾಗಿತ್ತು, ಪರದೆಯ ಅಕ್ಷರದಷ್ಟೇ. ಸುಮ್ಮನಿದ್ದಿದ್ದರೆ ಎಲ್ಲವೂ ಮುಗಿಯುತ್ತಿತ್ತೆಂದು ಅವನಿಗೆ ಅನಿಸಿರಬೇಕು. ಆದರೂ ಲ್ಯಾಪ್‌ಟಾಪನ್ನು ಅವರ ಎದುರು ಹಿಡಿದ.

"ಮಾವ, ಸೈಟು ಓಡುದಿಲ್ಲ. ಎಷ್ಟು ಮಾಡಿದರೂ ಆಗ್ಲಿಲ್ಲ. ನಿಮ್ಮ ಷರತ್ತು ಮುಚ್ಚಿಟ್ಟು ಹುಡುಗಿ ಕೇಳುದು ನನಗೆ ಮನಸ್ಸಿಲ್ಲ."

ಅವರು ಲ್ಯಾಪ್‌ಟಾಪನ್ನೂ ಅಣ್ಣನನ್ನೂ ತೆಂಗಿನಕಾಯಿಯನ್ನೂ ಒಂದು ಸುತ್ತು ನೋಡಿದರು. "ಯಾವ ಹುಡುಗಿ? ಬೋರ್‌ವೆಲ್ಲಿಗೆ ನೀರಿನ ಜಾಗ ನೋಡ್ಲಿಕ್ಕೆ ಅಲ್ವಾ ನನ್ನನ್ನು ಕರೆದದ್ದು?"

ಜಗಲಿಯಿಂದ ಅಜ್ಜಿಯ ದನಿ ಕೇಳಿತು. ಬೆಳಗ್ಗಿನಿಂದ ಯಾರೂ ಕೇಳದೆ ಬಿಟ್ಟದ್ದನ್ನು ಅಜ್ಜಿ ಎಲೆಯಡಿಕೆ ಜಗಿಯುತ್ತ ಕೇಳುತ್ತಿದ್ದರು.

"ಅಲ್ಲ, ಇವರು ಎಲ್ಲಿಯವರು?"

"ಜಾಲ್ಸೂರು" ಎಂದರು ಕೃಷ್ಣಮೋಹನ.

ಹೋದ ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಅಮ್ಮ ಹೇಳಿ ಫೋನಿನಲ್ಲಿ ಬರೆಸಿದ್ದ ಹೆಸರದು. ಫೋನಿನಲ್ಲಿ ಎರಡು ಕೃಷ್ಣಮೋಹನರಿದ್ದರು. ಅಣ್ಣ ಎಂದಿನಂತೆ ಮೊದಲು ಬಂದ ಬಸ್ಸಿಗೆ ಹತ್ತಿದ್ದ.

ಅಮ್ಮ ತಲೆ ಚಚ್ಚಿಕೊಂಡಳು. "ಇವರು ಪಂಜದವರಲ್ಲ ಅಂತ ನನಗೆ ಆಗಲೇ ಗೊತ್ತಿತ್ತು" ಎಂದರು ಕಿಟ್ಟಣ್ಣ. ಜಾಲ್ಸೂರಿನವರು ರಿಕ್ಷಾ ಬಾಡಿಗೆಯ ಗತಿ ಏನೆಂದು ಕೇಳಿದರು. ನಫೀಸಮ್ಮ ಕಂಪೌಂಡಿಗೆ ತಲೆ ಆನಿಸಿ ನಗುತ್ತಿದ್ದರು. ಅಣ್ಣ ಮಾತ್ರ ಯಾವುದನ್ನೂ ಕೇಳಿಸಿಕೊಳ್ಳದೆ ನಿಂತಿದ್ದ.

"ಹೆಸರು ಅದೇ" ಎಂದು ಗೊಣಗಿದ. "ಮನೆ ಬೇರೆ. ಮದುವೆಗೆ ಒಪ್ಪಿಗೆ ಕೊಡಿ ಅಂದರೆ ಇವರು ಹೇಗೆ ಕೊಡುದು? ಇವರಲ್ಲಿ ಅದು ಇಲ್ಲವೇ ಇಲ್ಲ!"

ಹಾಗೆಂದವನು ಅಂಗಳದ ನಡುವೆಯೇ ಕುಕ್ಕರುಗಾಲಿನಲ್ಲಿ ಕೂತು, ಇಷ್ಟು ದಿನ ದಿಟ್ಟಿಸಿದ್ದ ಆ ಸಾಲನ್ನು ಬಿಟ್ಟು ಫೈಲಿನ ಮೇಲಕ್ಕೆ ಹೋದ. ತೀರಾ ಮೇಲೆ, ಯಾವ ಯಾವ ಹೆಸರು ಎಲ್ಲೆಲ್ಲಿಂದ ಬಂತು ಎಂದು ಬರೆದಿರುತ್ತದಂತೆ. ಹೊರಗಿನಿಂದ ಕರೆಸಿಕೊಂಡವರೆಲ್ಲ ಅಲ್ಲಿ ಸಾಲಾಗಿ ಕೂತಿರುತ್ತಾರೆ. ಇಂಪೋರ್ಟ್ ಎನ್ನುವುದು ಇದಕ್ಕೆ. ಅಣ್ಣ ಒಬ್ಬೊಬ್ಬರ ಮೇಲೂ ಬೆರಳಿಟ್ಟು, "ನೀನು ಎಲ್ಲಿಯವ? ಸರಿ. ನೀನು? ಸರಿ" ಎನ್ನುತ್ತ ಹೋದ. ಒಂದು ಕಡೆ ಬೆರಳು ನಿಂತಿತು.

"ಮ್ಯಾಪ್! ನೀನು ಇಲ್ಲಿ ಎಂತ ಮಾಡುದು? ನಿನ್ನನ್ನು ಯಾರು ಕರೆದದ್ದು?"

ಕರೆದದ್ದು ಅವನೇ. ನಕ್ಷೆಯ ಆ ಚಂದದ ಪುಟ್ಟ ಚಿತ್ರ ಬೇಕೆಂದು ಹೆಸರು ಟೈಪ್ ಮಾಡುವಾಗ, ಕೋಡ್ ಬರೆಯುವ ಎಡಿಟರ್ ಕೆಳಗೊಂದು ಪಟ್ಟಿ ತೋರಿಸಿ 'ಇದಾ?' ಎಂದಿತ್ತು. ಮೊದಲು ಕಂಡದ್ದಕ್ಕೆ ಇವನು 'ಹಾಂ, ಅದೇ' ಎಂದು ಎಂಟರ್ ಒತ್ತಿದ್ದ. ಅದು ಚಿತ್ರಗಳ ಪೊಟ್ಟಣದಿಂದ ಮ್ಯಾಪ್ ಎಂಬ ಚಿತ್ರವನ್ನು ಸದ್ದಿಲ್ಲದೆ ತಂದು ಮೇಲೆ ಕೂರಿಸಿತ್ತು. ಅಲ್ಲಿಂದಾಚೆ ಆ ಫೈಲಿನಲ್ಲಿ ಮ್ಯಾಪ್ ಎಂದು ಯಾರು ಕರೆದರೂ ಓಗೊಡುತ್ತಿದ್ದುದು ಆ ಚಿತ್ರವೇ. ನಿಜವಾದ ಡಬ್ಬ ಒಳಗೆಲ್ಲೋ ಕರೆಗೆ ಕಾಯುತ್ತ ಕೂತಿತ್ತು, ಚಿತ್ರ ಪಾಪ ಜೇನು ಎಲ್ಲಿಂದ ಕೊಡಬೇಕು?

ಚಿತ್ರಕ್ಕೆ ಅಣ್ಣ 'ಮ್ಯಾಪ್ ಐಕಾನ್' ಎಂದು ಬೇರೆ ಹೆಸರಿಟ್ಟ. ಪುಟದಲ್ಲಿ ಚಿತ್ರ ಕಾಣುವಲ್ಲಿಯೂ ಅದೇ ಹೆಸರು ಬರೆದ. ಗುಂಡಿ ಒತ್ತಿದ. ಹಳದಿ ಬಂತು. ನೊಣ ಹಾರಿತು.

"ಒತ್ತಿ ನೋಡಿ" ಎಂದು ಜಾಲ್ಸೂರಿನವರಿಗೇ ಕೊಟ್ಟ. ಅವರು ಪಂಜವನ್ನು ಒತ್ತಿದರು. ಕೃಷ್ಣಮೋಹನ, ರಬ್ಬರು ತೋಟದ ಜೇನು ಎಂದು ಕಂಡಿತು.

"ಓ, ಈ ಮನುಷ್ಯನಾ!" ಎಂದು ಅವರು ಕಣ್ಣರಳಿಸಿದರು. "ಇವರ ಜೇನಿಗೆ ಎಷ್ಟು ಜನ ನನಗೆ ಫೋನ್ ಮಾಡುದು ಗೊತ್ತುಂಟಾ?"

ಅಣ್ಣ ಪಂಜಕ್ಕೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ. ಈ ಸಲ ಸರಿಯಾದ ಕೃಷ್ಣಮೋಹನ ತೆಗೆದರು. ಧ್ವನಿ ಬಿಗಿದಿತ್ತು.

"ನಾನು ಇಷ್ಟು ದಿನ ಕಾದೆ. ಕರೆಯದೆ ಬರುವ ಪೈಕಿಯಲ್ಲ ನಾವು. ಆ ಹುಡುಗನನ್ನು ಮರೆತುಬಿಡು ಅಂತ ಭವಿತಾಳಿಗೆ ಬೆಳಿಗ್ಗೆ ಹೇಳಿ ಆಯ್ತು."

ಜಾಲ್ಸೂರಿನವರು ಫೋನು ಕಸಿದುಕೊಂಡರು. "ನಮಸ್ಕಾರ, ನಾನೂ ಕೃಷ್ಣಮೋಹನ, ನೀರು ನೋಡುವವ. ಈ ಹುಡುಗ ನಿಮ್ಮ ಬದಲು ನನ್ನನ್ನು ಕರೆದದ್ದು."

ಆ ಕಡೆಯಿಂದ, "ನೀವಾ! ಮಾರಾಯ್ರೆ, ಮೊನ್ನೆ ಒಬ್ಬ ನನ್ನನ್ನು ನೀವು ಅಂತ ಗ್ರಹಿಸಿ ಜೀಪಿನಲ್ಲಿ ಕರ್ಕೊಂಡು ಹೋಗಿ ಗುಡ್ಡೆಯಲ್ಲಿ ಬಿಟ್ಟ. ಜೇನುಪೆಟ್ಟಿಗೆ ಹಿಡ್ಕೊಂಡು ನಿಂತಿದ್ದೇನೆ, ಅವ ನೀರು ಎಲ್ಲಿ ನೀರು ಎಲ್ಲಿ ಅಂತ ಕೇಳುದು!"

ಇಬ್ಬರು ಕೃಷ್ಣಮೋಹನರೂ ನಕ್ಕರು. ಅಂಗಳದಲ್ಲಿ ಎಲ್ಲರಿಗೂ ಉಸಿರು ಬಂತು. ಆದರೆ ಪಂಜದವರು ಕಡೆಗೆ ಹೇಳಿದ್ದು ಹೀಗೆ: "ಸೈಟು ನಾನು ನೋಡ್ತೇನೆ, ಸರಿ ಉಂಟಾದರೆ ನನ್ನದು ತಕರಾರಿಲ್ಲ. ಆದರೆ ಬೆಳಿಗ್ಗೆ ಬೇಡ ಅಂದ ಬಾಯಿಯಲ್ಲಿ ಈಗ ಬೇಕು ಅಂತ ನಾನು ಹೇಳುದಿಲ್ಲ. ಅವಳಿಗೂ ಕಳಿಸಿ. ಅವಳಿಗೆ ಮನಸ್ಸಿದ್ದರೆ ಅವಳೇ ಫೋನ್ ಮಾಡ್ಲಿ."

ಕಳಿಸಿ ಆಯಿತು. ಜಾಲ್ಸೂರಿನವರು ನೀರು ನೋಡಿ ಮುಗಿದಿದ್ದರಿಂದ ಉಪವಾಸ ಮುರಿದು, ಮಾವನಿಗೆಂದು ಮಾಡಿದ ಪಾಯಸವನ್ನು ಮನಸಾರೆ ಉಂಡರು. ಆದರೆ ಎದ್ದು ಹೋಗಲಿಲ್ಲ. "ಇದು ಎಂತಾಗ್ತದೆ ಅಂತ ನೋಡದೆ ಹೋದರೆ ನನಗೆ ನಿದ್ದೆ ಬರ್ಲಿಕ್ಕಿಲ್ಲ" ಎಂದು ಜಗಲಿಯಲ್ಲಿ ಕಿಟ್ಟಣ್ಣನ ಪಕ್ಕ ಕೂತರು. ಫೋನನ್ನು ಮಧ್ಯದಲ್ಲಿ ಇಟ್ಟು ಸುತ್ತ ಎಲ್ಲರೂ ಕೂತೆವು. ಮಧ್ಯಾಹ್ನದ ಚಾ ಆಯಿತು. ಬಿಸಿಲು ಇಳಿಯಿತು. ಅಮ್ಮ ದೇವರಿಗೆ ದೀಪ ಹಚ್ಚಿ ಬಂದಳು.

ಫೋನು ಮೊಳಗಿತು. 'ಭವಿತಾ.'

ಅಣ್ಣನ ಕೈ ಹಾರಿತು. ಅದಕ್ಕಿಂತ ಮೊದಲು ಅಜ್ಜಿಯ ಕೈ ಹಾರಿ ಅವನ ಮಣಿಕಟ್ಟು ಹಿಡಿಯಿತು.

"ಹೊತ್ತು ಕಂತಿದೆ. ಇದು ಮೊದಲನೇ ಸಲ."

"ಅತ್ತೆ, ಇದು ಫೋನು!" ಎಂದಳು ಅಮ್ಮ.

"ಫೋನಾದರೆ ಎಂತ? ಹೆಸರು ಹಿಡಿದು ಕರೆಯುದೇ ಅಲ್ವಾ? ಇವ ಮೊದಲು ಕಂಡ ಹೆಸರಿಗೇ ಓಗೊಟ್ಟು ಕೆಟ್ಟದ್ದು ಸಾಕು."

ಫೋನು ಸುಮ್ಮನಾಯಿತು. ಅಣ್ಣ ಅಜ್ಜಿಯನ್ನು ನೋಡಿದ ನೋಟದಲ್ಲಿ ನೀರು ನೋಡುವವರ ಸಹಾಯವಿಲ್ಲದೆಯೇ ನೀರು ಕಾಣುತ್ತಿತ್ತು. ಮತ್ತೆ ಮೊಳಗಿತು. "ಎರಡನೇದು" ಎಂದರು ಅಜ್ಜಿ. ಕಿಟ್ಟಣ್ಣ ತಾನೇ ತೆಗೆಯಲು ಬಗ್ಗಿದರು. ಅಜ್ಜಿ ಅವರ ಕೈಗೆ ಎಲೆಯಡಿಕೆಯ ತಟ್ಟೆಯಿಂದ ಒಂದು ಪೆಟ್ಟು ಕೊಟ್ಟರು. ಅದೂ ನಿಂತಿತು.

ಆಮೇಲೆ ಏನೂ ಇಲ್ಲ. ಜೀರುಂಡೆ ಕೂಗುತ್ತಿತ್ತು. ಕಂಪೌಂಡಿನ ಮೇಲಿಂದ ನಫೀಸಮ್ಮ "ಯಾ ಅಲ್ಲಾ" ಎಂದದ್ದು ಕೇಳಿತು. ಜೀವಮಾನವಿಡೀ ಮೂರನೇ ಕರೆಗೆ ಕಾದ ನನಗೇ ಆ ಹೊತ್ತು, ಅಜ್ಜಿಯ ಕಾನೂನಿನ ಮೇಲೆ ಮೊದಲ ಬಾರಿಗೆ ಸಂಶಯ ಬಂತು.

ಫೋನು ಮೊಳಗಿತು.

"ಮನುಷ್ಯಳೇ" ಎಂದು ಅಜ್ಜಿ ಕೈ ಬಿಟ್ಟರು.

ಅಣ್ಣ ತೆಗೆದ. ಗಡಿಬಿಡಿಯಲ್ಲಿ ಸ್ಪೀಕರ್ ಇನ್ನೂ ಹಾಕಿಯೇ ಇತ್ತು. ಆ ದಿನ ಕಲಿತದ್ದನ್ನೆಲ್ಲ ಒಟ್ಟುಗೂಡಿಸಿ, ಜೀವನದಲ್ಲಿ ಮೊದಲ ಸಲ ಜಾಗ್ರತೆಯಿಂದ ಕೇಳಿದ.

"ಹಲೋ. ಯಾವ ಭವಿತಾ? ಎಲ್ಲಿಯವರು?"

ಆ ಕಡೆಯಿಂದ ಬಹಳ ನಿಧಾನವಾಗಿ ದನಿ ಬಂತು.

"ಯಾವ ಭವಿತಾ ಅಂದರೆ? ನಾನು ಹೂಂ ಅಂತ ಹೇಳ್ಲಿಕ್ಕೆ ಫೋನ್ ಮಾಡಿದ್ದು. ನಿಮಗೆ ಒಟ್ಟು ಎಷ್ಟು ಭವಿತಾ ಇದ್ದಾರೆ?"

"ಒಬ್ಬಳೇ!" ಎಂದು ಅಮ್ಮ, ಕಿಟ್ಟಣ್ಣ, ನಾನು, ಕಂಪೌಂಡಿನ ಆಚೆಯಿಂದ ನಫೀಸಮ್ಮ ಒಟ್ಟಿಗೆ ಕೂಗಿದೆವು. ಎಲ್ಲರಿಗಿಂತ ಜೋರಾಗಿ ಕೂಗಿದವರು ಜಾಲ್ಸೂರಿನ ಕೃಷ್ಣಮೋಹನ.